ಹೆಸರು ಕರೆದರೆ ಓಗೊಡುವವರು ಯಾರು?

ಒಂದೇ ಆಫೀಸು, ಎರಡು ಮಹಡಿ. ಮೇಲಿನ ಮಹಡಿಯಲ್ಲಿ ಯಾರೋ ‘ಲೆಕ್ಕ-3’ ಎಂಬ ಕಂಪ್ಯೂಟರಿನ ಹೆಸರು ಟೈಪ್ ಮಾಡುತ್ತಾರೆ. ಅದರ ಫೋಲ್ಡರ್ ತಟ್ಟನೆ ತೆರೆದುಕೊಳ್ಳುತ್ತದೆ. ಕೆಳಗಿನ ಮಹಡಿಯಲ್ಲಿ ಅದೇ ಹೆಸರು ಕೊಟ್ಟರೆ ಎರಡು ಮೂರು ಸೆಕೆಂಡು ಏನೂ ಆಗುವುದಿಲ್ಲ. ಆಮೇಲೆ ‘ಸಿಗುತ್ತಿಲ್ಲ’ ಎಂಬ ಸಂದೇಶ. ಈಗ ಹೆಸರಿನ ಬದಲು 192.168.20.14 ಎಂದು ಕೊಟ್ಟು ನೋಡಿ. ಕೆಳಗಿನ ಮಹಡಿಯಲ್ಲೂ ಫೋಲ್ಡರ್ ತೆರೆಯುತ್ತದೆ! ಅಂದರೆ ಕೇಬಲ್ ಸರಿ ಇದೆ, ರೂಟರ್ ಸರಿ ಇದೆ, ಆ ಕಂಪ್ಯೂಟರೂ ಸರಿ ಇದೆ. ಹೆಸರಿನಿಂದ ವಿಳಾಸಕ್ಕೆ ಹೋಗುವ ಒಂದು ಹೆಜ್ಜೆ ಮಾತ್ರ ತಪ್ಪಿದೆ.

‘ನೆಟ್‌ವರ್ಕ್ ಹೋಗಿದೆ’ ಎಂದು ಬರುವ ದೂರುಗಳಲ್ಲಿ ಎಷ್ಟೋ ಸಲ ಹೋಗಿರುವುದು ಈ ಹೆಜ್ಜೆಯೇ. ರೂಟರಿಗೆ ಹೆಸರಿನ ಗೊಡವೆಯೇ ಇಲ್ಲ. ಅದು ನೋಡುವುದು ಬರೀ ಸಂಖ್ಯೆ. ಹೆಸರು ಬೇಕಿರುವುದು ನಮಗೆ. ಹಾಗಾಗಿ ಪ್ರತಿ ಸಂಪರ್ಕಕ್ಕೂ ಮೊದಲು ಕಂಪ್ಯೂಟರ್ ಆ ಹೆಸರಿನ ಐಪಿ ಅಡ್ರೆಸ್ ಏನೆಂದು ತಿಳಿದುಕೊಳ್ಳಬೇಕು. ಅದಕ್ಕೆ ಮುಖ್ಯವಾಗಿ ಎರಡು ದಾರಿ. ಎಲ್ಲರಿಗೂ ಕೇಳುವ ಹಾಗೆ ಕೂಗಿ ಕರೆಯುವುದು ಒಂದು. ಗೊತ್ತಿರುವ ಒಬ್ಬರ ಬಳಿ ಹೋಗಿ ಕೇಳುವುದು ಇನ್ನೊಂದು. ಕೋಣೆಯೊಳಗೆ ಕೂಗು ಸಾಕು. ಗೋಡೆಯಾಚೆ ಇದ್ದವರಿಗೆ ಅದು ಕೇಳಿಸುವುದಿಲ್ಲ.

ಆಫೀಸ್ ಕಂಪ್ಯೂಟರುಗಳು ಮೊದಲು ಕಲಿತದ್ದು ಕೂಗುವುದನ್ನೇ. 1983ರಲ್ಲಿ ಐಬಿಎಂ ಕಂಪನಿಯ ಪಿಸಿ ನೆಟ್‌ವರ್ಕಿಗಾಗಿ ಸೈಟೆಕ್ ಎಂಬ ಸಂಸ್ಥೆ ನೆಟ್‌ಬಯಾಸ್ ಎಂಬ ವ್ಯವಸ್ಥೆ ಮಾಡಿಕೊಟ್ಟಿತು. ಒಂದು ಆಫೀಸಿನ ಕೆಲವು ಪಿಸಿಗಳು ಒಂದೇ ತಂತಿಗೆ ಜೋತುಬಿದ್ದಿರುತ್ತವೆ ಎಂಬುದು ಅದರ ಲೆಕ್ಕಾಚಾರ. ಹೆಸರಿಗೆ 16 ಅಕ್ಷರದ ಜಾಗ. ಮೈಕ್ರೋಸಾಫ್ಟ್ ಅದರಲ್ಲಿ 15 ಅಕ್ಷರ ನಮಗೆ ಬಿಟ್ಟು, ಕೊನೆಯದನ್ನು ‘ಇದು ಫೈಲ್ ಹಂಚುವ ಸೇವೆ’, ‘ಇದು ಡೊಮೇನಿನ ಯಜಮಾನ’ ಎಂಬಂಥ ಗುರುತಿಗೆ ಇಟ್ಟುಕೊಂಡಿತು. ವಿಂಡೋಸ್ ಕಂಪ್ಯೂಟರಿಗೆ ಉದ್ದದ ಹೆಸರಿಟ್ಟರೆ 15ಕ್ಕೆ ತುಂಡಾಗುವುದನ್ನು ನೀವು ನೋಡಿರಬಹುದು. ಕಾರಣ ಇದೇ.

ಇಂಟರ್‌ನೆಟ್ಟಿನ ಭಾಷೆಯಾದ ಟಿಸಿಪಿ/ಐಪಿ ಮೇಲೆ ನೆಟ್‌ಬಯಾಸ್ ಹೇಗೆ ನಡೆಯಬೇಕು ಎಂಬ ನಿಯಮಗಳು 1987ರಲ್ಲಿ ಬಂದವು. ಹೆಸರು ಪಡೆಯುವ ವಿಧಾನ ಅದರಲ್ಲಿ ತುಂಬಾ ಚೆನ್ನಾಗಿದೆ. ಕಂಪ್ಯೂಟರ್ ಶುರುವಾದ ಕೂಡಲೇ ‘ಈ ಹೆಸರು ನನ್ನದು, ಯಾರದ್ದಾದರೂ ತಕರಾರು ಇದೆಯಾ?’ ಎಂದು ಎಲ್ಲರನ್ನೂ ಕೇಳುತ್ತದೆ. ಕಾಲು ಸೆಕೆಂಡಿನ ಅಂತರದಲ್ಲಿ ಮೂರು ಸಲ. ಯಾರೂ ತುಟಿ ಬಿಚ್ಚದಿದ್ದರೆ ಹೆಸರು ಅದರದಾಯಿತು. ಬೇಕಾದಾಗ ಹುಡುಕುವುದೂ ಹೀಗೆಯೇ. ‘ಲೆಕ್ಕ-3 ಯಾರು?’ ಎಂದು ಕೂಗಿದರೆ ಆ ಹೆಸರಿನದು ಮಾತ್ರ ಉತ್ತರ ಕೊಡುತ್ತದೆ. ಸರ್ವರ್ ಬೇಡ, ಪಟ್ಟಿ ಬೇಡ, ಯಾರೂ ಏನೂ ಸೆಟ್ ಮಾಡಬೇಕಿಲ್ಲ. ಇಷ್ಟು ಸರಳವಾದದ್ದು ಇಷ್ಟು ವರ್ಷ ಬಾಳಿದ್ದರಲ್ಲಿ ಆಶ್ಚರ್ಯವಿಲ್ಲ.

ಆಮೇಲೆ ಆಫೀಸ್ ಬೆಳೆಯುತ್ತದೆ. ನೆಟ್‌ವರ್ಕನ್ನು ಎರಡು ತುಂಡು, ಅಂದರೆ ಎರಡು ಸಬ್‌ನೆಟ್ ಮಾಡಿ ನಡುವೆ ರೂಟರ್ ಇಡುತ್ತಾರೆ. ಕೂಗು ಅಲ್ಲಿಗೆ ನಿಲ್ಲುತ್ತದೆ. ಇದನ್ನು ರೂಟರಿನ ದೋಷ ಎಂದುಕೊಳ್ಳುವವರಿದ್ದಾರೆ. ಅಲ್ಲ. ಬ್ರಾಡ್‌ಕಾಸ್ಟ್, ಅಂದರೆ ಎಲ್ಲರಿಗೂ ಕೇಳುವ ಇಂಥ ಕೂಗನ್ನು ತಡೆಯುವುದು ಅದರ ಕೆಲಸವೇ. ಒಂದು ಬ್ರಾಡ್‌ಕಾಸ್ಟ್ ಹೊರಟರೆ ಆ ಸಬ್‌ನೆಟ್ಟಿನ ಪ್ರತಿ ಯಂತ್ರವೂ ಕೈಯಲ್ಲಿದ್ದ ಕೆಲಸ ಬಿಟ್ಟು ‘ಇದು ನನಗಾ?’ ಎಂದು ನೋಡಬೇಕು. ಹತ್ತು ಯಂತ್ರಗಳಿದ್ದರೆ ಪರವಾಗಿಲ್ಲ. ಸಾವಿರ ಇದ್ದರೆ ಗದ್ದಲವೇ ಗದ್ದಲ. ಇದು ಇಂಟರ್‌ನೆಟ್ಟಿಗೆಲ್ಲ ಹರಡುವಂತಿದ್ದರೆ ಇಂಟರ್‌ನೆಟ್ಟೇ ಇರುತ್ತಿರಲಿಲ್ಲ. ಹಿಂದೆ ದೂರದ ಸಬ್‌ನೆಟ್ಟಿಗೆಂದೇ ಬ್ರಾಡ್‌ಕಾಸ್ಟ್ ಕಳಿಸಲು ರೂಟರುಗಳು ಬಿಡುತ್ತಿದ್ದವು. ಅದನ್ನು ದುರುಪಯೋಗ ಮಾಡಿಕೊಂಡು, ಒಂದು ಪ್ಯಾಕೆಟ್ ಕಳಿಸಿ ನೂರಾರು ಉತ್ತರಗಳನ್ನು ಬೇರೆಯವರ ತಲೆಗೆ ಕಟ್ಟುವ ‘ಸ್ಮರ್ಫ್’ ದಾಳಿ ಶುರುವಾಯಿತು. ಯಾರಾದರೂ ಬೇಕೆಂದೇ ತೆರೆಯದ ಹೊರತು ಆ ಬಾಗಿಲೂ ಮುಚ್ಚಿರಬೇಕು ಎಂಬ ನಿಯಮ 1999ರಲ್ಲಿ ಬಂತು.

ಕೆಳಗಿನ ಮಹಡಿಯ ಆ ಎರಡು ಮೂರು ಸೆಕೆಂಡಿನ ತಡ ಎಲ್ಲಿಂದ ಬಂತು ಎಂದು ಈಗ ಊಹಿಸಬಹುದು. ವಿಂಡೋಸ್ ಮೂರು ಸಲ ಕೂಗುತ್ತದೆ. ಪ್ರತಿ ಸಲವೂ ಮುಕ್ಕಾಲು ಸೆಕೆಂಡು ಕಿವಿಗೊಟ್ಟು ಕಾಯುತ್ತದೆ. ಒಟ್ಟು ಎರಡೂಕಾಲು ಸೆಕೆಂಡು. ಲೆಕ್ಕ-3 ಇರುವ ಮೇಲಿನ ಮಹಡಿಯಲ್ಲಿ ಮೊದಲ ಕೂಗಿಗೇ ಉತ್ತರ ಬಂದಿರುತ್ತದೆ.

ಗೋಡೆ ದಾಟಲು ಮೊದಲು ಹುಡುಕಿದ ಉಪಾಯ ಒಂದು ಫೈಲು. ವಿಂಡೋಸಿನಲ್ಲಿ ಎಲ್‌ಎಂಹೋಸ್ಟ್ಸ್ ಎಂಬ ಫೈಲಿನಲ್ಲಿ ಹೆಸರು, ಐಪಿ ಎರಡನ್ನೂ ಬರೆದಿಟ್ಟರೆ ಕೂಗು ತಲುಪದ ಕಡೆಯ ಹೆಸರೂ ಸಿಗುತ್ತದೆ. ಆದರೆ ಈ ಫೈಲು ಪ್ರತಿ ಕಂಪ್ಯೂಟರಿನಲ್ಲೂ ಇರಬೇಕು. ಒಂದು ಸರ್ವರಿನ ವಿಳಾಸ ಬದಲಾದರೆ ಎಲ್ಲ ಕಡೆ ತಿದ್ದಬೇಕು. ಇಂಟರ್‌ನೆಟ್ಟಿನ ಹಿಂದಿನ ರೂಪವಾದ ಆರ್ಪಾನೆಟ್ ಇದೇ ಕಷ್ಟ ಮೊದಲೇ ಅನುಭವಿಸಿತ್ತು. ಅಲ್ಲಿ ಇಡೀ ಜಾಲದ ಹೆಸರುಗಳು ಒಂದೇ ಫೈಲಿನಲ್ಲಿದ್ದವು. ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್‌ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಉಳಿದವರೆಲ್ಲ ಅದರ ಪ್ರತಿ ತರಿಸಿಕೊಳ್ಳುತ್ತಿದ್ದರು. ಜಾಲ ಬೆಳೆದಂತೆ ಇದು ಕೈಮೀರಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಎಲ್ಲ ಹೆಸರೂ ಒಬ್ಬರ ಕೈಯಲ್ಲಿ ಬೇಡ, ಹೆಸರುಗಳ ಮರದ ಒಂದೊಂದು ಕೊಂಬೆಯನ್ನು ಅದರದರ ಯಜಮಾನರೇ ನೋಡಿಕೊಳ್ಳಲಿ ಎಂಬುದು ಅದರ ತಿರುಳು.

ಮೈಕ್ರೋಸಾಫ್ಟ್ ಆಫೀಸುಗಳಿಗಾಗಿ ಮೊದಲು ಬೇರೆ ದಾರಿ ಹಿಡಿಯಿತು. 1994ರಲ್ಲಿ ಬಂದ ವಿಂಡೋಸ್ ಎನ್‌ಟಿ 3.5ರ ಜೊತೆ ವಿನ್ಸ್ ಎಂಬ ಸರ್ವರ್ ಬಂತು. ಪ್ರತಿ ಕಂಪ್ಯೂಟರೂ ಶುರುವಾದಾಗ ತನ್ನ ಹೆಸರು, ವಿಳಾಸಗಳನ್ನು ಈ ಸರ್ವರಿಗೆ ತಿಳಿಸಿ ದಾಖಲು ಮಾಡಿಸಬೇಕು. ಹುಡುಕುವವರೂ ಇದನ್ನೇ ಕೇಳಬೇಕು. ಪ್ರಶ್ನೆ ಎಲ್ಲರಿಗೂ ಹೋಗದೆ ಒಂದೇ ವಿಳಾಸಕ್ಕೆ ಹೋಗುವುದರಿಂದ ರೂಟರ್ ಅದನ್ನು ನಿರಾತಂಕವಾಗಿ ದಾಟಿಸುತ್ತದೆ. ವಿನ್ಸ್ ಸರ್ವರಿನ ವಿಳಾಸ ಕಂಪ್ಯೂಟರಿಗೆ ಗೊತ್ತಾಗುವುದು ಹೇಗೆ? ಐಪಿ ಹಂಚುವ ಡಿಎಚ್‌ಸಿಪಿಯೇ ಅದನ್ನೂ ಹೇಳಿಕೊಡುತ್ತದೆ. ‘ಮೊದಲು ಸರ್ವರ್ ಕೇಳು, ಅದರಲ್ಲಿ ಸಿಗದಿದ್ದರೆ ಕೂಗು’ ಎಂಬ ಕ್ರಮವನ್ನೂ ಹೇಳಬಲ್ಲದು. ಈ ಕ್ರಮಕ್ಕೆ ಎಚ್-ನೋಡ್ ಎಂದು ಹೆಸರು.

ಆಫೀಸುಗಳಲ್ಲಿ ಜಾಸ್ತಿ ಗೊಂದಲ ಮಾಡಿದ್ದು ಮಾತ್ರ ಇನ್ನೊಂದು ಸಂಗತಿ. ಹಳೆಯ ವಿಂಡೋಸಿನ ‘ನೆಟ್‌ವರ್ಕ್ ನೇಬರ್‌ಹುಡ್’ ನೆನಪಿದೆಯಾ? ಅದನ್ನು ತೆರೆದರೆ ಕಂಪ್ಯೂಟರುಗಳ ಪಟ್ಟಿ ಬರುತ್ತಿತ್ತು. ಪಟ್ಟಿಯಲ್ಲಿ ಹೆಸರು ಕಾಣುವುದು ಬೇರೆ, ಆ ಹೆಸರಿನ ವಿಳಾಸ ಸಿಗುವುದು ಬೇರೆ. ಇವೆರಡೂ ಪೂರ್ತಿ ಬೇರೆ ಬೇರೆ ವ್ಯವಸ್ಥೆಗಳು. ಪಟ್ಟಿ ಮಾಡಲು ಪ್ರತಿ ಸಬ್‌ನೆಟ್ಟಿನಲ್ಲೂ ಕಂಪ್ಯೂಟರುಗಳು ತಮ್ಮೊಳಗೇ ಚುನಾವಣೆ ನಡೆಸಿ ಒಂದನ್ನು ಮಾಸ್ಟರ್ ಬ್ರೌಸರ್ ಎಂದು ಆರಿಸುತ್ತಿದ್ದವು. ಉಳಿದವು 12 ನಿಮಿಷಕ್ಕೊಮ್ಮೆ ‘ನಾನಿದ್ದೇನೆ’ ಎಂದು ಹೇಳಬೇಕಿತ್ತು. ಸತತ ಮೂರು ಸಲ ಹೇಳದಿದ್ದರೆ ಹೆಸರು ತೆಗೆಯಲಾಗುತ್ತಿತ್ತು. ಅಲ್ಲಿಗೆ 36 ನಿಮಿಷ. ಈ ಪಟ್ಟಿಯ ಪ್ರತಿ ಇಟ್ಟುಕೊಂಡ ಸಹಾಯಕ ಯಂತ್ರಗಳು ಅದನ್ನು ಹೊಸದು ಮಾಡಿಕೊಳ್ಳಲು ಇನ್ನೂ 15 ನಿಮಿಷ. ಅಂದರೆ ಪ್ಲಗ್ ಕಿತ್ತ ಕಂಪ್ಯೂಟರ್ 51 ನಿಮಿಷದವರೆಗೂ ಪಟ್ಟಿಯಲ್ಲಿ ಜೀವಂತ! ಅದೂ ಒಂದೇ ಸಬ್‌ನೆಟ್ಟಿನೊಳಗೆ. ಬೇರೆ ಸಬ್‌ನೆಟ್ಟಿನ ಪಟ್ಟಿ ತಲುಪಲು ಡೊಮೇನ್ ಮಾಸ್ಟರ್ ಎಂಬ ಮೇಲಿನ ಹಂತವೂ ಸೇರಿ ಇನ್ನಷ್ಟು ತಡ. ‘ಪಟ್ಟಿಯಲ್ಲಿ ಕಾಣ್ತಿದೆ, ಕ್ಲಿಕ್ ಮಾಡಿದ್ರೆ ಬರಲ್ಲ’, ‘ಪಟ್ಟಿಯಲ್ಲಿಲ್ಲ, ಹೆಸರು ಹೊಡೆದ್ರೆ ಬರುತ್ತೆ’ ಎಂಬ ಎರಡೂ ದೂರು ನಿಜವೇ ಆಗಿರುತ್ತಿದ್ದವು. 2017ರ ಕೊನೆಯಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ ಈ ಹಳೆಯ ಪಟ್ಟಿಗೆ ಆಧಾರವಾಗಿದ್ದ, ಫೈಲ್ ಹಂಚುವ ಹಳೆಯ ವ್ಯವಸ್ಥೆ ಎಸ್‌ಎಂಬಿ 1 ತಾನಾಗಿ ಇನ್‌ಸ್ಟಾಲ್ ಆಗುವುದು ನಿಂತಿತು. ವಿನ್ಸ್ ಕೂಡ ಈಗ ಕೊನೆಯ ದಿನಗಳಲ್ಲಿದೆ. ವಿಂಡೋಸ್ ಸರ್ವರ್ 2025ರ ನಂತರದ ಆವೃತ್ತಿಗಳಲ್ಲಿ ಅದು ಇರುವುದಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ.

ಇವತ್ತು ಆಫೀಸಿನೊಳಗೂ ಡಿಎನ್‌ಎಸ್‌ನದೇ ರಾಜ್ಯಭಾರ. ಕಂಪ್ಯೂಟರುಗಳು ತಾವೇ ತಮ್ಮ ವಿಳಾಸವನ್ನು ಡಿಎನ್‌ಎಸ್‌ನಲ್ಲಿ ಬರೆಸಲು ಬೇಕಾದ ನಿಯಮ 1997ರಲ್ಲಿ ಬಂತು. ವಿಂಡೋಸ್ 2000 ಅದನ್ನು ಆಫೀಸುಗಳಿಗೆ ತಂದಿತು. ಇದರಿಂದ ಹೆಸರಿನ ತಾಪತ್ರಯ ಮುಗಿಯಿತಾ? ಇಲ್ಲ, ರೂಪ ಬದಲಾಯಿತು. ಕೂಗಿಗೆ ಉತ್ತರ ಕೊಡುವುದು ಆ ಕ್ಷಣ ಅಲ್ಲಿದ್ದ ಯಂತ್ರವೇ. ದಾಖಲೆ ಹಾಗಲ್ಲ. ಬರೆದವರು ಎದ್ದು ಹೋದರೂ ಬರಹ ಉಳಿಯುತ್ತದೆ.

ಒಂದು ಲ್ಯಾಪ್‌ಟಾಪ್ ತೆಗೆದುಕೊಳ್ಳಿ. ಅದಕ್ಕೆ ಸಿಕ್ಕ ಐಪಿ ವಿಂಡೋಸ್ ಡಿಎಚ್‌ಸಿಪಿಯ ಸಾಮಾನ್ಯ ಸೆಟ್ಟಿಂಗಿನಲ್ಲಿ 8 ದಿನದ ಗುತ್ತಿಗೆ. ಮಾಲೀಕರು ರಜೆ ಹೋದರು. ಗುತ್ತಿಗೆ ಮುಗಿದು ಅದೇ ಐಪಿ ಬೇರೆ ಯಂತ್ರಕ್ಕೆ ಹೋಯಿತು. ಆದರೆ ವಿಂಡೋಸ್ ಡಿಎನ್‌ಎಸ್‌ನಲ್ಲಿ ಹಳೆಯ ಹೆಸರುಗಳನ್ನು ಗುಡಿಸುವ ವ್ಯವಸ್ಥೆಯನ್ನು ಯಾರಾದರೂ ಆನ್ ಮಾಡಬೇಕು. ಮಾಡಿದರೂ ಅದರ ಸಾಮಾನ್ಯ ಅವಧಿ 7 ದಿನ, ಮತ್ತೆ 7 ದಿನ, ಒಟ್ಟು 14 ದಿನ. ನಡುವಿನ ದಿನಗಳಲ್ಲಿ ಹಳೆಯ ಹೆಸರು ಕೊಟ್ಟವರು ಹೊಸ ಯಂತ್ರದ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಹೆಸರು ಸಿಗದಿರುವುದಕ್ಕಿಂತ ಇದು ಕೆಟ್ಟದ್ದು. ಸಿಗದಿದ್ದರೆ ತೊಂದರೆ ಇದೆ ಅಂತಲಾದರೂ ಗೊತ್ತಾಗುತ್ತದೆ. ಐಪಿ ಗುತ್ತಿಗೆಯ ಗಡುವು, ಹೆಸರು ಗುಡಿಸುವ ಗಡುವು ಎರಡನ್ನೂ ಒಂದಕ್ಕೊಂದು ಹೊಂದಿಸಿ ಇಡುವುದು ಸಣ್ಣ ಕೆಲಸ, ಆದರೆ ಬಿಡಬಾರದ ಕೆಲಸ.

ಇನ್ನೊಂದು ತಪ್ಪಂತೂ ಆಫೀಸಿನಿಂದ ಆಫೀಸಿಗೆ ಹರಡಿಕೊಂಡೇ ಇದೆ. ಡಿಎನ್‌ಎಸ್ ಸೆಟ್ಟಿಂಗಿನಲ್ಲಿ ಮೊದಲನೆಯದಾಗಿ ಆಫೀಸಿನ ಸರ್ವರ್, ಎರಡನೆಯದಾಗಿ ಇಂಟರ್‌ನೆಟ್ಟಿನ ಯಾವುದೋ ಸಾರ್ವಜನಿಕ ಸರ್ವರ್ ಹಾಕುತ್ತಾರೆ. ‘ಮೊದಲನೆಯದರಲ್ಲಿ ಸಿಗದಿದ್ದರೆ ಎರಡನೆಯದು ನೋಡಲಿ’ ಎಂಬ ನಂಬಿಕೆ. ಕಂಪ್ಯೂಟರ್ ಹಾಗೆ ನಡೆದುಕೊಳ್ಳುವುದಿಲ್ಲ. ‘ಆ ಹೆಸರು ಇಲ್ಲ’ ಎಂಬುದೂ ಅದಕ್ಕೆ ಉತ್ತರವೇ. ಉತ್ತರ ಬಂದ ಮೇಲೆ ಇನ್ನೊಬ್ಬರನ್ನು ಕೇಳುವುದಿಲ್ಲ. ಮೊದಲ ಸರ್ವರ್ ಮಾತೇ ಆಡದಿದ್ದರೆ ಮಾತ್ರ ಎರಡನೆಯದರ ಸರದಿ. ಆಫೀಸ್ ಸರ್ವರ್ ಒಂದು ಕ್ಷಣ ತಡವರಿಸಿದರೆ ಸಾಕು, ಕಂಪ್ಯೂಟರ್ ಹೊರಗಿನ ಸರ್ವರಿಗೆ ಹೋಗುತ್ತದೆ. ಹೋದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಉಳಿಯಬಹುದು. ಆ ಸರ್ವರಿಗೆ ಆಫೀಸಿನ ಒಳಹೆಸರುಗಳು ಎಲ್ಲಿ ಗೊತ್ತು? ‘ಇಲ್ಲ’ ಎನ್ನುತ್ತದೆ. ವೆಬ್‌ಸೈಟುಗಳೆಲ್ಲ ತೆರೆಯುತ್ತವೆ, ಪಕ್ಕದ ಪ್ರಿಂಟರ್ ಮಾತ್ರ ಮಾಯ. ಆ ‘ಇಲ್ಲ’ವನ್ನೂ ಕಂಪ್ಯೂಟರ್ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ತೊಂದರೆ ಬಂದು ಹೋಗುತ್ತಾ ಇರುವುದರಿಂದ ಕಾರಣ ಹಿಡಿಯಲು ವಾರಗಟ್ಟಲೆ ಹಿಡಿದರೂ ಹಿಡಿಯಿತು. ಎರಡನೆಯ ಜಾಗದಲ್ಲೂ ಆಫೀಸಿನದೇ ಇನ್ನೊಂದು ಸರ್ವರ್ ಇರಬೇಕು. ಹೊರಗಿನ ಹೆಸರುಗಳನ್ನು ಆ ಸರ್ವರುಗಳೇ ಕೇಳಿ ತರಲಿ.

ಕೂಗು ಪೂರ್ತಿ ಸತ್ತಿದೆಯಾ ಎಂದರೆ, ಅದೂ ಇಲ್ಲ. ‘.ಲೋಕಲ್’ ಎಂದು ಮುಗಿಯುವ ಹೆಸರುಗಳನ್ನು ಹುಡುಕುವ ಎಂಡಿಎನ್‌ಎಸ್, ಆಪಲ್‌ನ ಬಾನ್‌ಜೂರ್ ಮೂಲಕ ಜನಪ್ರಿಯವಾಯಿತು. ಅದು ಕೇಳುವುದು 224.0.0.251 ಎಂಬ ಗುಂಪು ವಿಳಾಸಕ್ಕೆ. ಈ ಸಾಲಿನ ವಿಳಾಸಗಳನ್ನೂ ರೂಟರ್ ದಾಟಿಸುವುದಿಲ್ಲ. ಫೋನು ಒಂದು ಸಬ್‌ನೆಟ್, ಪ್ರಿಂಟರ್ ಇನ್ನೊಂದು ಸಬ್‌ನೆಟ್ ಆದರೆ ಮತ್ತದೇ ಕಥೆ. ಆಫೀಸಿನ ಒಳಹೆಸರುಗಳಿಗೆ ‘.ಲೋಕಲ್’ ಬಾಲ ಹಚ್ಚಿದವರಿಗಂತೂ ಎರಡು ವ್ಯವಸ್ಥೆಗಳ ಜಗಳ ತಪ್ಪಿದ್ದಲ್ಲ. ಒಳಗಿನ ಬಳಕೆಗೆಂದೇ 2024ರಲ್ಲಿ ಇಂಟರ್‌ನೆಟ್ ಹೆಸರುಗಳ ಉಸ್ತುವಾರಿ ಸಂಸ್ಥೆಯಾದ ಐಕ್ಯಾನ್ ‘.ಇಂಟರ್ನಲ್’ ಎಂಬ ಬಾಲವನ್ನು ಎತ್ತಿಟ್ಟಿದೆ. ಹೊಸದಾಗಿ ಶುರು ಮಾಡುವವರು ಅದನ್ನೋ, ತಮ್ಮದೇ ಡೊಮೇನಿನ ಒಂದು ಕೊಂಬೆಯನ್ನೋ ಬಳಸುವುದು ಒಳ್ಳೆಯದು.

ಕೂಗಿನ ಬಗ್ಗೆ ನನಗಿರುವ ದೊಡ್ಡ ಆತಂಕ ನಂಬಿಕೆಯದು. ‘ಲೆಕ್ಕ-3 ಯಾರು?’ ಎಂಬ ಪ್ರಶ್ನೆಗೆ ‘ನಾನೇ’ ಎಂದವರನ್ನು ಕಂಪ್ಯೂಟರ್ ಸುಮ್ನೆ ನಂಬಿಬಿಡುತ್ತದೆ. ಯಾರೋ ಹೆಸರನ್ನು ಒಂದಕ್ಷರ ತಪ್ಪು ಟೈಪ್ ಮಾಡಿದರು ಅನ್ನಿ. ಡಿಎನ್‌ಎಸ್‌ನಲ್ಲಿ ಅದು ಇಲ್ಲ. ವಿಂಡೋಸ್ ಎಲ್‌ಎಲ್‌ಎಂಎನ್‌ಆರ್ ಎಂಬ ಇನ್ನೊಂದು ಕೂಗುವ ವಿಧಾನ, ನೆಟ್‌ಬಯಾಸ್ ಇವೆರಡರ ಮೂಲಕ ಕೂಗಲು ಶುರು ಮಾಡುತ್ತದೆ. ಅದೇ ಸಬ್‌ನೆಟ್ಟಿನಲ್ಲಿ ಹೊಂಚು ಹಾಕಿದ ಯಂತ್ರವೊಂದು ‘ನಾನೇ ಅದು’ ಎನ್ನುತ್ತದೆ. ಕೇಳಿದ ಕಂಪ್ಯೂಟರ್ ಲಾಗಿನ್ ಆಗಲು ಹೊರಟು, ಪಾಸ್‌ವರ್ಡಿನಿಂದ ಲೆಕ್ಕ ಹಾಕಿದ ಉತ್ತರವನ್ನು ಅದರ ಕೈಗೆ ಕೊಟ್ಟುಬಿಡುತ್ತದೆ. ಪಾಸ್‌ವರ್ಡ್ ದುರ್ಬಲವಾಗಿದ್ದರೆ ಅದನ್ನು ಬಿಡಿಸುವುದು ಕಷ್ಟವಲ್ಲ. ಡಿಎನ್‌ಎಸ್ ನೆಟ್ಟಗಿರುವ ಆಫೀಸಿನಲ್ಲಿ ಈ ಎರಡು ಕೂಗುಗಳನ್ನೂ ಆಫ್ ಮಾಡಿ. ಹಳೆಯ ಸ್ಕ್ಯಾನರ್ ಒಂದೋ ಎರಡೋ ಮುನಿಸಿಕೊಳ್ಳಬಹುದು. ಅವುಗಳ ಹೆಸರನ್ನು ಡಿಎನ್‌ಎಸ್‌ಗೆ ಸೇರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಹೆಸರು ಸಿಗದಾಗ ಎಲ್ಲಿ ನೋಡಬೇಕು? ಮೊದಲು ‘ಇದ್ದೀಯಾ?’ ಎಂದು ಕೇಳುವ ಪಿಂಗ್ ಆಜ್ಞೆಯನ್ನು ಐಪಿ ಸಂಖ್ಯೆಗೇ ಕೊಡಿ. ಉತ್ತರ ಬಂದರೆ ದಾರಿ ಸರಿ ಇದೆ. ಬರದಿದ್ದರೆ ಮಾತ್ರ ಅವಸರದ ತೀರ್ಮಾನ ಬೇಡ, ಫೈರ್‌ವಾಲ್ ಪಿಂಗ್ ತಡೆದಿರಬಹುದು. ಆಮೇಲೆ ಹೆಸರಿಗೆ ಪಿಂಗ್ ಮಾಡಿ, ಅದು ಯಾವ ಸಂಖ್ಯೆಗೆ ಹೊರಟಿತು ಎಂದು ಓದಿ. ಉತ್ತರ ಬಂತೋ ಇಲ್ಲವೋ ಎನ್ನುವುದಕ್ಕಿಂತ ಆ ಸಂಖ್ಯೆ ಮುಖ್ಯ. ಕೊನೆಗೆ ಅದೇ ಹೆಸರನ್ನು ಎನ್‌ಎಸ್‌ಲುಕಪ್ ಎಂಬ ಆಜ್ಞೆಗೆ ಕೊಡಿ. ಎನ್‌ಎಸ್‌ಲುಕಪ್ ಕೇಳುವುದು ಡಿಎನ್‌ಎಸ್ ಸರ್ವರನ್ನು ಮಾತ್ರ. ಪಿಂಗ್ ಹಾಗಲ್ಲ. ಅದು ಹೆಸರು-ವಿಳಾಸ ಬರೆದಿಟ್ಟ ಹೋಸ್ಟ್ಸ್ ಫೈಲು, ಕಂಪ್ಯೂಟರಿನ ಹಳೆಯ ನೆನಪು, ಕೂಗು ಎಲ್ಲವನ್ನೂ ಬಳಸುತ್ತದೆ. ಪಿಂಗ್ ಒಂದು ಸಂಖ್ಯೆ, ಎನ್‌ಎಸ್‌ಲುಕಪ್ ಇನ್ನೊಂದು ಸಂಖ್ಯೆ ಹೇಳಿದರೆ ಹಳೆಯ ನೆನಪನ್ನೋ ಹೋಸ್ಟ್ಸ್ ಫೈಲನ್ನೋ ನೋಡಿ. ಪಿಂಗ್‌ಗೆ ಸಿಕ್ಕ ಹೆಸರು ಎನ್‌ಎಸ್‌ಲುಕಪ್‌ಗೆ ಸಿಗದಿದ್ದರೆ, ಆ ಹೋಸ್ಟ್ಸ್ ಫೈಲಿನಲ್ಲೂ ಅದು ಇಲ್ಲದಿದ್ದರೆ, ಕೂಗು ಕೆಲಸ ಮಾಡುತ್ತಿದೆ ಎಂದೇ ಲೆಕ್ಕ. ಆ ಹೆಸರು ಇನ್ನೊಂದು ಸಬ್‌ನೆಟ್ಟಿನಿಂದ ಸಿಗುವುದಿಲ್ಲ.