ಗುಳೆಯಿಂದ ಮರಳಿದವರ ವರದಿ: ಕಾಣದ ಪ್ರತಿರೋಧ

ಎಚ್‌ಐವಿ ಚಿಕಿತ್ಸೆ ನೀಡುವ ನಾವೆಲ್ಲ ಎಡವುವ ಪ್ರಶ್ನೆಯಿದು. ಕೊಪ್ಪಳದ ಕಡೆಯಿಂದ ಗುಳೆ ಹೋದ ಎಚ್‌ಐವಿ ಸೋಂಕಿತರೊಬ್ಬರು ಐದು ತಿಂಗಳು ಮಾತ್ರೆ ಬಿಟ್ಟು ಊರಿಗೆ ಮರಳಿದ್ದಾರೆ ಎಂದುಕೊಳ್ಳಿ. ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಏರಿದೆ. ಆದರೆ ವೈರಸ್ ಯಾವ ಔಷಧಕ್ಕೆ ಬಗ್ಗದೆಂದು ನೋಡುವ ಪ್ರತಿರೋಧ ಪರೀಕ್ಷೆಯ ವರದಿಯಲ್ಲಿ ಯಾವ ರೂಪಾಂತರವೂ (ವೈರಸ್‌ನ ಜೀನ್ ಬದಲಾವಣೆ) ಇಲ್ಲ. ಹಾಗಾದರೆ ಹಳೆಯ ಔಷಧಗಳೆಲ್ಲ ಕೆಲಸ ಮಾಡುತ್ತವೆಯೇ? ಹಾಗೆಂದು ಹೇಳಲಾಗದು.

ತುಂಗಭದ್ರಾ ಎಡದಂಡೆಯ ಭತ್ತದ ಗದ್ದೆಯನ್ನು ನೆನೆಯಿರಿ. ಕಳೆನಾಶಕಕ್ಕೆ ಬಗ್ಗದ ಕಳೆ ಸಿಂಪಡಣೆ ಇರುವವರೆಗೆ ಎದ್ದು ಕಾಣುತ್ತದೆ. ಸಿಂಪಡಣೆ ನಿಂತರೆ ಮಾಮೂಲಿ ಕಳೆ ಹುಲುಸಾಗಿ ಬೆಳೆದು ಅದನ್ನು ಮುಚ್ಚುತ್ತದೆ. ಅದರ ಬೀಜ ಮಾತ್ರ ಮಣ್ಣಿನಲ್ಲೇ ಇರುತ್ತದೆ. ವೈರಸ್‌ನದೂ ಇದೇ ಕಥೆ. ಲ್ಯಾಮಿವುಡೀನ್ ಎಂಬ ಎಚ್‌ಐವಿ ಔಷಧಕ್ಕೆ ಬಗ್ಗದ ಎಂ184ವಿ ರೂಪಾಂತರ ವೈರಸ್‌ನ ವೃದ್ಧಿಶಕ್ತಿಯನ್ನು ಕುಗ್ಗಿಸುತ್ತದೆ. ಔಷಧದ ಒತ್ತಡ ಹೋದ ಮೇಲೆ ಮೂಲ ವೈರಸ್ ಅದನ್ನು ಹಿಂದೆ ಹಾಕುತ್ತದೆ. ವೈರಸ್‌ನ ಜೀನ್ ಓದುವ ಸಾಮಾನ್ಯ ಸ್ಯಾಂಗರ್ ವಿಧಾನವು ಒಟ್ಟು ವೈರಸ್‌ಗಳಲ್ಲಿ ಶೇ 15–20ಕ್ಕಿಂತ ಕಡಿಮೆ ಇರುವ ರೂಪಾಂತರವನ್ನು ಗುರುತಿಸಲಾರದು. ಬೀಜವೋ, ಸುಪ್ತ ಸಿಡಿ4 ಕೋಶಗಳಲ್ಲಿ (ಎಚ್‌ಐವಿ ಸೇರಿಕೊಳ್ಳುವ ರೋಗನಿರೋಧಕ ಕೋಶಗಳು) ವರ್ಷಗಟ್ಟಲೆ ಉಳಿದು, ಅದೇ ಔಷಧ ಮರಳಿದಾಗ ತಲೆಯೆತ್ತುತ್ತದೆ.

ಎಲ್ಲ ರೂಪಾಂತರಗಳೂ ಇಷ್ಟು ಬೇಗ ಮರೆಯಾಗುವುದಿಲ್ಲ. ಎಫಾವಿರೆಂಜ್ ಎಂಬ ಇನ್ನೊಂದು ಔಷಧಕ್ಕೆ ಬಗ್ಗದ ಕೆ103ಎನ್ ರೂಪಾಂತರ ಬಹುಕಾಲ ಕಾಣುತ್ತಲೇ ಇರುತ್ತದೆ. ಎಫಾವಿರೆಂಜ್ ರಕ್ತದಿಂದ ನಿಧಾನವಾಗಿ ಖಾಲಿಯಾಗುವ ಔಷಧ. ಎಲ್ಲ ಮಾತ್ರೆಗಳನ್ನೂ ಒಮ್ಮೆಗೇ ಬಿಟ್ಟರೆ ಜೊತೆಯವು ಮೊದಲು ಖಾಲಿಯಾಗಿ ಇದೊಂದೇ ಉಳಿಯುತ್ತದೆ; ಪ್ರತಿರೋಧ ಹುಟ್ಟಲು ಅದೇ ಹದವಾದ ಸಮಯ.

ಆದ್ದರಿಂದಲೇ ಪರೀಕ್ಷೆಯ ರಕ್ತದ ಮಾದರಿಯನ್ನು ಮಾತ್ರೆ ಸೇವಿಸುತ್ತಿರುವಾಗ, ತಪ್ಪಿದರೆ ಬಿಟ್ಟ 4 ವಾರಗಳ ಒಳಗೆ ತೆಗೆಯಬೇಕು. ತಡವಾದರೂ ಪರೀಕ್ಷೆ ವ್ಯರ್ಥವಲ್ಲ: ಕಂಡ ರೂಪಾಂತರ ನಿಜ, ಕಾಣದ್ದು ಇಲ್ಲವೆಂದಲ್ಲ. ಹಳೆಯ ವರದಿಗಳನ್ನೂ ಹಿಂದೆ ನುಂಗಿದ ಔಷಧಗಳ ಪಟ್ಟಿಯನ್ನೂ ಪಕ್ಕದಲ್ಲಿಟ್ಟು ಓದಬೇಕು. ಪರೀಕ್ಷೆಗೆಂದು ಚಿಕಿತ್ಸೆಯನ್ನು ಮುಂದೂಡುವುದಂತೂ ಸಲ್ಲದು. ವೈದ್ಯರೇ ಯೋಜಿಸಿ ಕೊಟ್ಟ ವಿರಾಮದಲ್ಲೂ ರೋಗ ಮತ್ತು ಸಾವು ಹೆಚ್ಚಿದ್ದನ್ನು 2006ರಲ್ಲಿ ಪ್ರಕಟವಾದ ಸ್ಮಾರ್ಟ್ ಎಂಬ ಎಚ್‌ಐವಿ ಅಧ್ಯಯನ ತೋರಿಸಿತು. ಮತ್ತೆ ಮಾತ್ರೆ ಆರಂಭಿಸಿದ ಮೇಲೂ ವೈರಲ್ ಲೋಡ್ ತಗ್ಗದಿದ್ದರೆ, ಆಗ ತೆಗೆದ ಮಾದರಿಯೇ ಹೆಚ್ಚು ಹೇಳುತ್ತದೆ.

ಇಷ್ಟೆಲ್ಲ ನಿಂತಿರುವುದು ಕೊನೆಯ ಮಾತ್ರೆಯ ದಿನಾಂಕದ ಮೇಲೆ. "ಯಾಕೆ ಬಿಟ್ಟಿರಿ?" ಎಂದು ಗದರಿದರೆ, ಹೆದರಿದವರು "ದಿನವೂ ನುಂಗಿದ್ದೇನೆ" ಎನ್ನುತ್ತಾರೆ, ವರದಿ ಅಲ್ಲಿಯೇ ದಾರಿ ತಪ್ಪುತ್ತದೆ. "ಅಕ್ಕಾ, ಊರು ಬಿಟ್ಟಾಗ ಎಷ್ಟು ದಿನದ ಮಾತ್ರೆ ಕೈಯಲ್ಲಿತ್ತು?" ಎಂದು ಕೇಳಿ, ಬಂದ ಉತ್ತರವನ್ನು ಮಾದರಿಯ ಜೊತೆ ಹೋಗುವ ನಮೂನೆಯಲ್ಲಿ ಬರೆಯಿರಿ.