ನಕ್ಕರೆ ಅಳಬೇಕಾಗ್ತದೆ ಅನ್ನುವ ಭಯ

ಚಿಕ್ಕಮ್ಮನ ಮನೆ ತೀರ್ಥಹಳ್ಳಿ ಹತ್ತಿರ. ಬೇಯಿಸಿದ ಅಡಿಕೆ ಹರವಿದ ದಿನ ಎಂಥ ಬಿಸಿಲಿದ್ದರೂ ಅವಳ ಕಣ್ಣು ಮೋಡ ಹುಡುಕುತ್ತದೆ. ಮೋಡವಿಲ್ಲದಿದ್ದರೆ ಮಗನ ಬೈಕು, ಅವನು ಮನೆ ಮುಟ್ಟಿದರೆ ತೋಟದ ಎಲೆಚುಕ್ಕಿ ರೋಗ. ರಾತ್ರಿ ನಿದ್ದೆಯಿಲ್ಲ, ಹೆಗಲು ಸದಾ ಬಿಗಿ.

ಒಮ್ಮೆ ಅಡಿಕೆ ಸುಲಿಯುತ್ತ ಕೂತಾಗ ಯಾರದೋ ಮಾತಿಗೆ ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅವಳೂ ನಕ್ಕಳು. ತಟ್ಟನೆ ಮೆಟ್ಟುಗತ್ತಿಯ ಮೇಲಿನ ಕೈ ತಡೆದು, “ಸಾಕು ಮಾರಾಯ್ತಿ, ಇಷ್ಟು ನಕ್ಕರೆ ನಾಳೆ ಅಳಬೇಕಾಗ್ತದೆ” ಅಂದಳು.

ಹಿಡಿತಕ್ಕೆ ಸಿಗದ ಚಿಂತೆ ಆರು ತಿಂಗಳು ಹೆಚ್ಚುಕಡಿಮೆ ದಿನವೂ ಕಾಡುತ್ತ, ನಿದ್ದೆ, ಮೈಕೈ, ಕೆಲಸ ಎಲ್ಲವನ್ನೂ ಕೆಡಿಸಿದರೆ ವೈದ್ಯರು ಅದನ್ನು ಜನರಲೈಸ್ಡ್ ಆಂಗ್ಸೈಟಿ ಡಿಸಾರ್ಡರ್ ಎನ್ನುತ್ತಾರೆ. ಅಮೆರಿಕದ ಮನೋವಿಜ್ಞಾನಿಗಳಾದ ಮಿಶೆಲ್ ನ್ಯೂಮನ್ ಮತ್ತು ಸಾಂಡ್ರಾ ಲೆರಾ 2011ರಲ್ಲಿ ಮುಂದಿಟ್ಟ ವಿವರಣೆ ಓದಿದಾಗ ನನಗೆ ಚಿಕ್ಕಮ್ಮನ ಆ ಮಾತೇ ಕೇಳಿಸಿತು. ಇಂಥವರಿಗೆ ದುಃಖಕ್ಕಿಂತಲೂ, ಖುಷಿಯಲ್ಲಿದ್ದಾಗ ದುಃಖ ಬಂದೆರಗುವುದೇ ದೊಡ್ಡ ಹೆದರಿಕೆ. ಮರದ ತುದಿಯಿಂದ ಬೀಳುವ ಭಯಕ್ಕೆ ಮರವನ್ನೇ ಹತ್ತದಂತೆ, ಮನಸ್ಸನ್ನು ಮೊದಲೇ ಕೆಳಗಿಟ್ಟುಕೊಳ್ಳುತ್ತಾರೆ. ಹೆದರಿದ್ದು ನಡೆಯದಿದ್ದಾಗ ಸಿಗುವ ನಿರಾಳವೂ ಚಿಂತೆಯ ಖಾತೆಗೇ ಜಮಾ. “ಚಿಂತೆ ಬಿಡು” ಎಂದು ನಾವು ಗದರಿಸುವುದು ಅವರಿಗೆ ರಕ್ಷಣೆ ಬಿಟ್ಟುಕೊಡು ಎಂದಂತೆ ಕೇಳಿಸುತ್ತದೆ. ಗದರಿಸಿದವರಲ್ಲಿ ನಾನೂ ಒಬ್ಬಳು; ಈಗ ಅದಕ್ಕೆ ನೋವಿದೆ.

ಲೂಕಸ್ ಲಾಫ್ರೆನಿಯರ್ ಮತ್ತು ನ್ಯೂಮನ್ ಈ ಕಾಯಿಲೆಯಿದ್ದ 29 ಜನರಿಂದ ಹತ್ತು ದಿನ ಚಿಂತೆಗಳನ್ನು ಬರೆಸಿ, ಮೂವತ್ತು ದಿನ ಕಾದು ನೋಡಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸುಮಾರು 91% ಚಿಂತೆಗಳು ನಿಜವಾಗಿರಲಿಲ್ಲ. ಆಮೇಲೆ ಅದೇ ಸಂಶೋಧಕರು ಒಳ್ಳೆಯ ಗಳಿಗೆಯನ್ನು ಸವಿಯುವುದನ್ನೇ ಮೊಬೈಲ್ ಆ್ಯಪ್ ಮೂಲಕ ಒಂದು ವಾರ ಅಭ್ಯಾಸ ಮಾಡಿಸಿದರು, ಚಿಂತೆ ತಗ್ಗಿತು. ಎಲ್ಲ ಒಳ್ಳೇದಾಗುತ್ತದೆ ಎಂದು ನಂಬಿಸಿಕೊಳ್ಳುವುದಲ್ಲ ಅದು. ಕಾಫಿಯ ಬಿಸಿ ಲೋಟ ಕೈಯಲ್ಲಿರುವಷ್ಟು ಹೊತ್ತು ಆ ಬಿಸಿ, ಆ ಪರಿಮಳದ ಜೊತೆಗೇ ಇರುವುದು.

ಔಷಧ, ಆಪ್ತಸಮಾಲೋಚನೆ ಬೇಕಾದವರಿಗೆ ಇದು ಬದಲಿಯಲ್ಲ. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಚಿಕ್ಕಮ್ಮ ಈಗ ವೈದ್ಯರನ್ನು ಕಾಣುತ್ತಿದ್ದಾಳೆ. ಕೊನೆಕೊಯ್ಲಿನ ಕೂಲಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಚಿಂತೆಗಳನ್ನೂ ಬರೆಯುತ್ತಾಳೆ. ಮೊನ್ನೆ ನನಗೆ ತೋರಿಸಿದಳು: “ಮೋಡ – ಬಂತು, ಮಳೆ ಇಲ್ಲ. ಅಡಿಕೆ ಒಣಗಿತು.”