ಒಣಗಾಳಿಯ ಹಿಮ

ಮೇ ತಿಂಗಳ ಒಂದು ಮಧ್ಯಾಹ್ನ ಕಾಸರಗೋಡಿನಲ್ಲಿ 33 ಡಿಗ್ರಿ, ಆಂಧ್ರದ ಅನಂತಪುರದಲ್ಲಿ 40 ಡಿಗ್ರಿ ಎಂದಿಟ್ಟುಕೊಳ್ಳಿ. ಅಂಕಿ ನೋಡಿದರೆ ಅನಂತಪುರದ್ದೇ ಹೆಚ್ಚು ಬಿಸಿಲು. ಆದರೆ ಬೆವರು ಆರದೆ ಅಂಗಿ ಬೆನ್ನಿಗೆ ಅಂಟಿಕೊಳ್ಳುವುದು ಕಾಸರಗೋಡಿನಲ್ಲಿ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಈ ಸೆಕೆಯ ಲೆಕ್ಕ ಸಿಗುತ್ತದೆ. ಶೇಕಡ 70 ತೇವಾಂಶವಿರುವ ಕರಾವಳಿಯಲ್ಲಿ ಅದು 28ರ ಹತ್ತಿರ ನಿಂತುಬಿಡುತ್ತದೆ. ಶೇಕಡ 25 ತೇವಾಂಶದ ಅನಂತಪುರದಲ್ಲಿ 24ರವರೆಗೂ ಇಳಿಯುತ್ತದೆ. ಬಟ್ಟೆಯ ನೀರು ಆವಿಯಾಗುವಾಗ ಶಾಖವನ್ನು ಎಳೆದುಕೊಂಡು ಹೋಗುವುದರಿಂದ, ಗಾಳಿ ಒಣಗಿದಷ್ಟೂ ಇಳಿತ ಹೆಚ್ಚು. ಹವಾಮಾನ ಕೇಂದ್ರದವರು ಇದನ್ನು ವೆಟ್ ಬಲ್ಬ್ ತಾಪಮಾನ ಎನ್ನುತ್ತಾರೆ. ಆಕಾಶದಿಂದ ಹಿಮ ಬೀಳುವ ಮೊದಲೇ ಸ್ಕೀಯಿಂಗ್ (ಕಾಲಿಗೆ ಹಲಗೆ ಕಟ್ಟಿ ಹಿಮದ ಮೇಲೆ ಜಾರುವ ಆಟ) ಶುರು ಮಾಡುವ ಬೆಟ್ಟಗಳಲ್ಲಿ, ಯಾವ ರಾತ್ರಿ ಯಂತ್ರದಿಂದ ಹಿಮ ಮಾಡಬೇಕು ಎಂದು ಹೇಳುವುದೂ ಇದೇ ಅಂಕಿ.

ಅಮೆರಿಕದ ಕೊಲರಾಡೊ ರಾಜ್ಯದ ಅರಾಪಾಹೊ ಬೇಸಿನ್ ಎಂಬ ಸ್ಕೀ ತಾಣ ಬುಡದಲ್ಲೇ 3,200 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಹಲವು ವರ್ಷ ಅಲ್ಲಿ ಅಕ್ಟೋಬರಿನಲ್ಲೇ ಇಳಿಜಾರು ತೆರೆದದ್ದುಂಟು. ಆಗಿನ್ನೂ ಆಕಾಶದ ಹಿಮ ಹುಲ್ಲು ಮುಚ್ಚುವಷ್ಟೂ ಬಿದ್ದಿರುವುದಿಲ್ಲ. ಜನ ಜಾರುವುದು ಸ್ನೋ ಗನ್‌ಗಳು ನೀರನ್ನು ಗಾಳಿಗೆ ಎರಚಿ ಮಾಡಿದ ಹಿಮದ ಮೇಲೆ. ಗನ್ನಿನೊಳಗೆ ಫ್ರಿಜ್ ಇರುವುದಿಲ್ಲ, ತಂಪು ಮಾಡುವ ಅಮೋನಿಯವೂ ಇಲ್ಲ. ಅದು ನೀರನ್ನು ಹನಿಯಾಗಿ ಒಡೆದು ಮೇಲಕ್ಕೆ ಎಸೆಯುತ್ತದೆ, ಅಷ್ಟೇ. ಹನಿಯಿಂದ ಶಾಖ ತೆಗೆಯುವ ಕೆಲಸವೆಲ್ಲ ಹೊರಗಿನ ಗಾಳಿಯದು.

ಸಾಮಾನ್ಯವಾಗಿ ವೆಟ್ ಬಲ್ಬ್ ಮೈನಸ್ 2.5 ಡಿಗ್ರಿಗೆ ಇಳಿದ ಮೇಲೆ ಗನ್ ಹಚ್ಚುತ್ತಾರೆ. ಹೊರಗಿನ ಉಷ್ಣತೆ ಪ್ಲಸ್ 2 ಇದ್ದು ತೇವಾಂಶ ಶೇಕಡ 30 ಮಾತ್ರ ಇದ್ದರೆ ವೆಟ್ ಬಲ್ಬ್ ಸುಮಾರು ಮೈನಸ್ 2.8 ಆಗುತ್ತದೆ, ಹಿಮ ಮಾಡಬಹುದು. ಉಷ್ಣತೆ ಮೈನಸ್ 1 ಇದ್ದರೂ ತೇವಾಂಶ ಶೇಕಡ 95 ಆಗಿದ್ದರೆ ಬರುವುದು ಬರೀ ಕೊರೆಯುವ ಮಳೆ. ಕೊಲರಾಡೊದ ಎತ್ತರದ ಒಣಹವೆ ಇಲ್ಲಿ ದೊಡ್ಡ ಆಸ್ತಿ. ಅಮೆರಿಕದ ಪೂರ್ವಭಾಗದ ವರ್ಮಾಂಟ್ ರಾಜ್ಯದಲ್ಲಿ ಹವೆಗೆ ಪಸೆ ಹೆಚ್ಚು, ನಡುಚಳಿಗಾಲದಲ್ಲೂ ಮಳೆ ಸುರಿಯುವುದುಂಟು. ಅಲ್ಲಿಯ ಕಿಲ್ಲಿಂಗ್ಟನ್ ಬೆಟ್ಟದಲ್ಲಿ 2016ರಿಂದ ಹಲವು ವರ್ಷ ನವೆಂಬರ್ ಕೊನೆಗೆ ಮಹಿಳೆಯರ ವಿಶ್ವಕಪ್ ಸ್ಕೀ ಪಂದ್ಯ ನಡೆಸಲು ಸಾಧ್ಯವಾಗಿದ್ದು, ಸಿಕ್ಕ ಒಂದೊಂದು ಒಣ ರಾತ್ರಿಯನ್ನೂ ಬಿಡದೆ ಬಳಸಿಕೊಂಡದ್ದರಿಂದ.

ಆವಿಯ ಬಲ ಎಷ್ಟೆಂದು ಲೆಕ್ಕ ಹಾಕಿ ನೋಡಬೇಕು. ಒಂದು ಕಿಲೋ ನೀರು ಹೆಪ್ಪುಗಟ್ಟಲು 334 ಕಿಲೋಜೂಲ್ ಶಾಖ ಹೊರಬೀಳಬೇಕು. ಒಂದು ಕಿಲೋ ನೀರು ಆವಿಯಾಗುವಾಗ ಹೀರುವುದು ಸುಮಾರು 2,500 ಕಿಲೋಜೂಲ್. ಅಂದರೆ ಒಂದು ಕಿಲೋ ಆವಿಯಾದರೆ ಏಳು ಕಿಲೋಗೂ ಮಿಕ್ಕಿದ ನೀರನ್ನು ಹೆಪ್ಪುಗಟ್ಟಿಸುವಷ್ಟು ಶಾಖ ಅದರೊಂದಿಗೆ ಹೋಗುತ್ತದೆ. ಚಳಿಗಾಳಿ ನೇರವಾಗಿ ಸೆಳೆದುಕೊಳ್ಳುವ ಶಾಖ ಇದರ ಮೇಲಿನದು. ಗಾಳಿಯಲ್ಲಿ ಮೊದಲೇ ಆವಿ ತುಂಬಿದ್ದರೆ ಈ ದಾರಿ ಮುಚ್ಚುತ್ತದೆ. ನಮ್ಮ ಬೆವರು ಆರದಿರುವುದಕ್ಕೂ ಕಾರಣ ಅದೇ.

ಮುಂದಿನ ಪ್ರಶ್ನೆ ಹನಿಯ ಗಾತ್ರದ್ದು. ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವಾಗ ಪಂಪಿನ ಒತ್ತಡ ಇಳಿದರೆ ಹನಿ ದಪ್ಪವಾಗಿ ಗೊನೆಯಿಂದ ಉದುರಿಹೋಗುತ್ತದೆ. ಹನಿ ತೀರ ಸಣ್ಣದಾದರೆ ಗಾಳಿ ಹೊತ್ತೊಯ್ಯುತ್ತದೆ. ಮದ್ದಿನ ಸುಣ್ಣವನ್ನು ಸೋಸದೆ ಹಾಕಿದರೆ ನಾಜಲ್ ಕಟ್ಟುತ್ತದೆ. ಸ್ನೋ ಗನ್ನಿನ ಗೋಳೂ ಹೀಗೆಯೇ. ಒಂದು ಹನಿಯನ್ನು ಅರ್ಧ ವ್ಯಾಸದ ಎಂಟು ಹನಿಗಳಾಗಿ ಒಡೆದರೆ ನೀರು ಅಷ್ಟೇ ಇದ್ದರೂ ಗಾಳಿಗೆ ತೆರೆದ ಮೈ ಇಮ್ಮಡಿಯಾಗುತ್ತದೆ. ಅರ್ಧ ಮಿಲಿಮೀಟರ್ ವ್ಯಾಸದ ಹನಿ ಸೆಕೆಂಡಿಗೆ ಸುಮಾರು 2 ಮೀಟರ್ ವೇಗದಲ್ಲಿ ಬೀಳುತ್ತದೆ, 0.2 ಮಿಲಿಮೀಟರಿನದು 0.7 ಮೀಟರ್ ವೇಗದಲ್ಲಿ. ಹತ್ತು ಮೀಟರ್ ಎತ್ತರದಿಂದ ಬಿಟ್ಟರೆ ಮೊದಲನೆಯದಕ್ಕೆ ಐದು ಸೆಕೆಂಡ್, ಎರಡನೆಯದಕ್ಕೆ ಹದಿನಾಲ್ಕು ಸೆಕೆಂಡ್ ಸಿಗುತ್ತದೆ. ನೆಲ ಮುಟ್ಟುವ ಮೊದಲು ಹೆಪ್ಪುಗಟ್ಟಲು ಹನಿಗೆ ಇರುವ ಸಮಯ ಇಷ್ಟೇ. ಉದ್ದ ಕಂಬದ ತುದಿಯಲ್ಲಿ ನಾಜಲ್ ಕೂರಿಸುವ ಲ್ಯಾನ್ಸ್ ಮಾದರಿಯ ಗನ್‌ಗಳು ಹುಟ್ಟಿದ್ದೂ ಈ ಕೆಲವು ಸೆಕೆಂಡುಗಳಿಗಾಗಿ.

ಹನಿ ಸಣ್ಣದಾಯಿತು, ಗಾಳಿ ಒಣಗಿದೆ, ಆದರೂ ಹಿಮ ಆಗಲೇಬೇಕೆಂದಿಲ್ಲ. ಇಡೀ ವಿಷಯದಲ್ಲಿ ಅತ್ಯಂತ ಸ್ವಾರಸ್ಯದ ಭಾಗ ಇದು. ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಆದರೆ ಅಪ್ಪಟ ನೀರಿನ ಅತಿ ಸಣ್ಣ ಹನಿಯನ್ನು ಮೈನಸ್ 38 ಡಿಗ್ರಿಯ ಹತ್ತಿರದವರೆಗೂ ದ್ರವವಾಗಿಯೇ ಇಳಿಸಬಹುದು. ಹರಳು ಕಟ್ಟಲು ಅಣುಗಳು ಮೊದಲು ಒಂದು ಕ್ರಮದಲ್ಲಿ ಸೇರಬೇಕು. ಅದಕ್ಕೆ ಹಿಡಿದು ನಿಲ್ಲಲು ಒಂದು ಬೀಜ ಬೇಕು. ಕೆರೆಯ ನೀರಿನಲ್ಲಿ ಮಣ್ಣಿನ ಕಣ, ಕೊಳೆತ ಎಲೆಯ ಚೂರು ಎಲ್ಲ ಇರುವುದರಿಂದ ಅಷ್ಟು ಕೆಳಗೆ ಹೋಗಬೇಕಿಲ್ಲ. ಆದರೂ ಎಲ್ಲ ಹನಿಯಲ್ಲೂ ಒಳ್ಳೆಯ ಬೀಜ ಇರುತ್ತದೆ ಎನ್ನಲಾಗದು.

ಗನ್ನಿನೊಳಗೇ ಇದಕ್ಕೊಂದು ಉಪಾಯ ಇದೆ. ದೊಡ್ಡ ನಾಜಲ್‌ಗಳ ಜೊತೆ ಕೆಲವು ಪುಟ್ಟ ನಾಜಲ್‌ಗಳಿರುತ್ತವೆ. ಇವು ಒತ್ತಿದ ಗಾಳಿಯನ್ನೂ ತುಸು ನೀರನ್ನೂ ಬೆರೆಸಿ ಉಗುಳುತ್ತವೆ. ಒತ್ತಿದ ಗಾಳಿ ಹೊರಬಂದು ಹಿಗ್ಗುವಾಗ ಥಟ್ಟನೆ ತಣ್ಣಗಾಗಿ, ಆ ಸೂಕ್ಷ್ಮ ಹನಿಗಳು ಕ್ಷಣದಲ್ಲಿ ಐಸ್ ಕಣಗಳಾಗುತ್ತವೆ. ಈ ಕಣಗಳು ದೊಡ್ಡ ಹನಿಗಳಿಗೆ ತಾಗಿದಲ್ಲಿ ಹೆಪ್ಪು ಹಿಡಿಯುತ್ತದೆ. ಇನ್ನೊಂದು ದಾರಿ ಬ್ಯಾಕ್ಟೀರಿಯದ್ದು. ಸ್ಯೂಡೊಮೊನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯ ಗಿಡದ ಎಲೆಗಳ ಮೇಲೆ ಬದುಕುತ್ತದೆ. ಅದರ ಹೊರಮೈಯ ಪ್ರೋಟೀನಿನ ಮೇಲೆ ನೀರಿನ ಅಣುಗಳು ಐಸ್ ಹರಳಿನ ಕ್ರಮದಲ್ಲೇ ಸಾಲುಗಟ್ಟುವುದರಿಂದ ಮೈನಸ್ 2–3 ಡಿಗ್ರಿಯಲ್ಲೇ ಹೆಪ್ಪು ಶುರುವಾಗುತ್ತದೆ. ಚಳಿನಾಡಿನ ರೈತರಿಗೆ ಇದು ಶತ್ರು, ಎಳೆ ಚಿಗುರನ್ನು ಹಿಮದಿಂದ ಸುಡಿಸುವುದು ಇದೇ. ಹಿಮ ಮಾಡುವವರು ಇದನ್ನು ಬೆಳೆಸಿ, ಜೀವ ತೆಗೆದು, ಒಣಗಿಸಿದ ಪುಡಿಯನ್ನು ಸ್ನೋಮ್ಯಾಕ್ಸ್ ಎಂಬ ಹೆಸರಿನಲ್ಲಿ ಕೊಂಡು ನೀರಿಗೆ ಬೆರೆಸುತ್ತಾರೆ. ಎಲ್ಲ ದೇಶಗಳೂ ಇದನ್ನು ಒಪ್ಪಿಲ್ಲ. ಬೆಟ್ಟದ ನೀರಿಗೆ ಏನೂ ಸೇರಿಸಕೂಡದು ಎಂಬ ನಿಯಮ ಕೆಲವೆಡೆ ಇದೆ. ಆ ಎಚ್ಚರಿಕೆ ಸರಿಯಾದದ್ದೇ.

ಮೊದಲ ಗನ್ ಮಾಡಿದವರು ಅಮೆರಿಕದ ಕನೆಕ್ಟಿಕಟ್‌ನಲ್ಲಿ ಸ್ಕೀ ತಯಾರಿಸುತ್ತಿದ್ದ ವೇಯ್ನ್ ಪಿಯರ್ಸ್, ಆರ್ಟ್ ಹಂಟ್ ಮತ್ತು ಡೇವ್ ರಿಚಿ. ಹಿಮ ಬೀಳದೆ ಸ್ಕೀ ಮಾರಾಟ ಕುಸಿದಿದ್ದ 1950ರಲ್ಲಿ, ಬಣ್ಣ ಹೊಡೆಯುವ ಕಂಪ್ರೆಸರ್, ಒಂದು ನಾಜಲ್ ಮತ್ತು ತೋಟದ ಹೋಸ್ ಜೋಡಿಸಿ ಅವರು ಹಿಮ ಎರಚಿದರು. 1954ರಲ್ಲಿ ಪೇಟೆಂಟ್ ಸಿಕ್ಕಿತು. ಮುಂದೆ 1980ರ ಲೇಕ್ ಪ್ಲಾಸಿಡ್ ಚಳಿಗಾಲದ ಒಲಿಂಪಿಕ್ಸ್ ಹೊತ್ತಿಗೆ ಯಂತ್ರದ ಹಿಮ ಒಲಿಂಪಿಕ್ಸ್‌ಗೂ ಕಾಲಿಟ್ಟಿತು. 2022ರ ಬೀಜಿಂಗ್ ಕ್ರೀಡಾಕೂಟವಂತೂ ಹೆಚ್ಚುಕಡಿಮೆ ಪೂರ್ತಿ ಇದರ ಮೇಲೆಯೇ ನಡೆಯಿತು.

ಈಗ ಒಂದು ರಾತ್ರಿಯ ಕೆಲಸ ನೋಡೋಣ. ಇಳಿಜಾರಿನ ಅಂಚಿಗೆ ಹೂತ ಪೈಪುಗಳಲ್ಲಿ ನೀರು ಬರುತ್ತದೆ. ಗಾಳಿ-ನೀರಿನ ಗನ್ ಇರುವಲ್ಲಿ ಒತ್ತಿದ ಗಾಳಿಗೆ ಇನ್ನೊಂದು ಪೈಪು. ಅಲ್ಲಲ್ಲಿ ಹೋಸ್ ಜೋಡಿಸಲು ಹೈಡ್ರಂಟ್‌ಗಳಿರುತ್ತವೆ. ಕೆಲಸದವರು ಮೊದಲು ಹೈಡ್ರಂಟ್ ತೆರೆದು ತುಕ್ಕು, ಮರಳೆಲ್ಲ ಹೊರಹೋಗುವಂತೆ ನೀರು ಬಿಡುತ್ತಾರೆ, ಆಮೇಲೆ ಹೋಸ್ ಕಟ್ಟುತ್ತಾರೆ. ಗನ್ ಹಚ್ಚುವಾಗ ಮೊದಲು ಗಾಳಿ, ನಂತರ ನೀರು. ನಿಲ್ಲಿಸುವಾಗ ಮೊದಲು ನೀರು ಬಂದ್, ಗಾಳಿ ಕೊನೆಗೆ. ಒಳಗೆ ಉಳಿದ ನೀರನ್ನು ಅದು ಊದಿ ತೆಗೆಯುತ್ತದೆ. ಈ ಕ್ರಮ ತಪ್ಪಿದರೆ ಗಾಳಿಯ ಹೋಸಿಗೆ ನೀರು ನುಗ್ಗಿ ಅಲ್ಲೇ ಹೆಪ್ಪುಗಟ್ಟುತ್ತದೆ. ಐಸ್ ತುಂಬಿದ ಹೋಸನ್ನು ಇಳಿಜಾರಿನಲ್ಲಿ ಬಿಚ್ಚುವುದು ಭಾರದ ಕೆಲಸ, ಅಪಾಯದ ಕೆಲಸವೂ ಹೌದು. ಫ್ಯಾನ್ ಗನ್ನಿನಲ್ಲಿ ದೊಡ್ಡ ಫ್ಯಾನ್ ಹನಿಗಳನ್ನು ದೂರ ಎಸೆಯುತ್ತದೆ, ಬೀಜದ ಕಣಗಳಿಗಾಗಿ ಸಣ್ಣ ಕಂಪ್ರೆಸರ್ ಅದರೊಳಗೇ ಇರುತ್ತದೆ, ನಾಜಲ್ ಉಂಗುರಕ್ಕೆ ಐಸ್ ಹಿಡಿಯದಂತೆ ಹೀಟರ್ ಇರುತ್ತದೆ.

ಗನ್ ಓಡುವಾಗ ಹಿಮ ಹೇಗಿದೆ ಎಂದು ತಿಳಿಯಲು ಕೆಲಸದವರು ಹಿಮ ಬೀಳುವಲ್ಲಿ ನಿಂತು ಜಾಕೆಟಿನ ತೋಳು ಚಾಚುತ್ತಾರೆ. ಕಣಗಳು ತೋಳಿಗೆ ಬಡಿದು ಪುಟಿದು ಹೋದರೆ ಒಣ ಹಿಮ. ಅಂಟಿಕೊಂಡು ಉಳಿದರೆ ತುಸು ಹಸಿ. ಬಡಿದಲ್ಲಿ ಚಿಮ್ಮಿ ಒದ್ದೆ ಮಾಡಿದರೆ ಅದು ನೀರು, ವಾಲ್ವನ್ನು ಕೂಡಲೇ ತಿರುಗಿಸಬೇಕು. ಕಂಪ್ಯೂಟರ್ ಹಿಡಿತದ ಹೊಸ ಗನ್‌ಗಳು ತಮ್ಮ ಮೈಮೇಲಿನ ಸೆನ್ಸರ್ ನೋಡಿ ನೀರನ್ನು ತಾವೇ ಹೆಚ್ಚು ಕಡಿಮೆ ಮಾಡುತ್ತವೆ, ಆದರೂ ಈ ತೋಳಿನ ಪರೀಕ್ಷೆ ಹೋಗಿಲ್ಲ. ಸೆನ್ಸರ್ ಇರುವ ಜಾಗದ ಗಾಳಿಗೂ ಹಿಮ ಬೀಳುವ ಜಾಗದ ಗಾಳಿಗೂ ವ್ಯತ್ಯಾಸ ಇರಬಹುದಲ್ಲ.

ತಪ್ಪು ಹೆಚ್ಚಾಗಿ ಆಗುವುದು ಆತುರದಿಂದ. ತೆರೆಯುವ ದಿನ ಹತ್ತಿರ ಬಂದಿದೆ, ವೆಟ್ ಬಲ್ಬ್ ಇನ್ನೂ ಅಂಚಿನಲ್ಲೇ ಇದೆ ಎಂದು ನೀರನ್ನು ಜಾಸ್ತಿ ಬಿಟ್ಟರೆ ಹನಿಯ ಹೊರಗಷ್ಟೇ ಚಿಪ್ಪು ಕಟ್ಟಿ ಒಳಗೆ ನೀರು ಉಳಿಯುತ್ತದೆ. ನೆಲಕ್ಕೆ ಬಿದ್ದಾಗ ಚಿಪ್ಪು ಒಡೆದು, ಕಣ ಕಣಕ್ಕೆ ಬೆಸೆದು, ಬೆಳಗಾಗುವುದರೊಳಗೆ ಕಲ್ಲಿನಂಥ ಐಸ್ ಪದರ. ಅದರ ಮೇಲೆ ಎಷ್ಟು ಒಳ್ಳೆಯ ಹಿಮ ಹಾಕಿದರೂ ಜನರ ಓಡಾಟಕ್ಕೆ ಸರಿದು ಐಸ್ ಮೇಲೆ ಬರುತ್ತದೆ. ಗಾಳಿ ದಿಕ್ಕು ಬದಲಿಸಿದರೆ ಹಿಮ ಪಕ್ಕದ ಕಾಡಿಗೆ ಹೋಗುತ್ತದೆ, ಇಲ್ಲವೇ ತಿರುಗಿ ಗನ್ನಿಗೇ ಹೊಡೆದು ಅದನ್ನು ಐಸಿನಲ್ಲಿ ಮುಳುಗಿಸುತ್ತದೆ. ತಿಳಿಯಾದ, ಗಾಳಿಯಿಲ್ಲದ ರಾತ್ರಿಗಳಲ್ಲಿ ತಣ್ಣನೆ ಗಾಳಿ ಭಾರವಾಗಿ ಕಣಿವೆಗೆ ಇಳಿಯುವುದರಿಂದ, ಬೆಟ್ಟದ ತುದಿಗಿಂತ ಬುಡದಲ್ಲೇ ಚಳಿ ಹೆಚ್ಚಿರುವುದುಂಟು. ತುದಿಯಿಂದ ಕೆಳಕ್ಕೆ ಕೆಲಸ ಮಾಡುವುದೆಂದು ಯೋಜನೆ ಹಾಕಿಕೊಂಡವರು ಆ ರಾತ್ರಿ ಎಲ್ಲವನ್ನೂ ಬದಲಿಸಬೇಕಾಗುತ್ತದೆ.

ಬಿದ್ದ ಹಿಮವನ್ನು ಒಡನೆ ಹರಡುವುದಿಲ್ಲ. ದೊಡ್ಡ ರಾಶಿಯಾಗಿ ಒಂದು ದಿನವಾದರೂ ಬಿಟ್ಟು, ಒಳಗಿನ ನೀರು ಬಸಿದುಹೋದ ಮೇಲೆ ಗ್ರೂಮರ್ ಬರುತ್ತದೆ. ಪಟ್ಟಿಚಕ್ರದ ಈ ವಾಹನಕ್ಕೆ ಮುಂದೆ ಬ್ಲೇಡು, ಹಿಂದೆ ಟಿಲ್ಲರ್. ರಾಶಿಯನ್ನು ತಳ್ಳಿ, ಪುಡಿ ಮಾಡಿ, ಒತ್ತಿ ಮಟ್ಟಸ ಮಾಡುತ್ತದೆ. ರಾಶಿಗೆ ಇನ್ನೊಂದು ಲಾಭವೂ ಇದೆ: ಬೇಸಿಗೆಯ ಬಿಸಿ ಇನ್ನೂ ಆರದ ನೆಲಕ್ಕೂ ಹಗಲಿನ ಬಿಸಿಲಿಗೂ ಅದು ತೋರುವ ಮೈ ಕಡಿಮೆ, ಕರಗುವುದೂ ಕಡಿಮೆ.

ನೀರಿನ ಲೆಕ್ಕ ದೊಡ್ಡದು. ಒಂದು ಘನ ಮೀಟರ್ ನೀರಿನಿಂದ ಎರಡರಿಂದ ಎರಡೂವರೆ ಘನ ಮೀಟರ್ ಹಿಮ ಬರುತ್ತದೆ. ಒಂದು ಹೆಕ್ಟೇರಿಗೆ, ಅಂದರೆ ಎರಡೂವರೆ ಎಕರೆಗೆ, 30 ಸೆಂಟಿಮೀಟರ್ ದಪ್ಪ ಹಾಸಲು 3,000 ಘನ ಮೀಟರ್ ಹಿಮ, ಕಡಿಮೆಯೆಂದರೂ 12 ಲಕ್ಷ ಲೀಟರ್ ನೀರು ಬೇಕು. 12,000 ಲೀಟರಿನ ಟ್ಯಾಂಕರುಗಳಲ್ಲಿ ತರುವುದಾದರೆ ನೂರು ಟ್ಯಾಂಕರು. ಆವಿಯಾಗಿ, ಗಾಳಿಗೆ ಹಾರಿ ಹೋಗುವುದನ್ನು ಇದರಲ್ಲಿ ಸೇರಿಸಿಲ್ಲ. ಅದಕ್ಕಾಗಿಯೇ ಬೆಟ್ಟದ ಮೇಲೆ ಕೆರೆ ತೋಡಿ ಮಳೆಗಾಲದ ನೀರು ಕೂಡಿಡುತ್ತಾರೆ. ಆ ನೀರು 2–3 ಡಿಗ್ರಿಗಿಂತ ಬಿಸಿ ಇದ್ದರೆ ಕೂಲಿಂಗ್ ಟವರಿನಲ್ಲಿ ತಣಿಸಿ ಕಳಿಸುತ್ತಾರೆ. ಹೊಳೆಯಿಂದಲೇ ಎತ್ತುವ ಕಡೆ ಚಳಿಗಾಲದ ಸಣ್ಣ ಹರಿವಿಗೆ ಪೆಟ್ಟು ಬೀಳುತ್ತದೆ. ಮೀನಿಗೂ ಕೆಳಗಿನ ಊರಿಗೂ ಅದರ ಬಿಸಿ ತಟ್ಟುತ್ತದೆ.

ಯಂತ್ರದ ಹಿಮ ಆಕಾಶದ ಹಿಮದಂತಿಲ್ಲ. ಮೋಡದಲ್ಲಿ ಆವಿ ನೇರವಾಗಿ ಹರಳಾಗಿ, ಆರು ಕೈ ಚಾಚಿ ನಿಧಾನವಾಗಿ ಬೆಳೆಯುತ್ತದೆ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಉಕಿಚಿರೊ ನಾಕಾಯ 1936ರಲ್ಲಿ ಪ್ರಯೋಗಾಲಯದಲ್ಲಿ ಇಂಥ ಹರಳನ್ನು ಮೊಲದ ಕೂದಲಿನ ತುದಿಯಲ್ಲಿ ಬೆಳೆಸಿದ್ದರು. ಗನ್ನಿನಿಂದ ಬರುವುದು ಹೆಪ್ಪುಗಟ್ಟಿದ ಗುಂಡು ಹನಿ. ಹೊಸದಾಗಿ ಬಿದ್ದ ಸಹಜ ಹಿಮ ಘನ ಮೀಟರಿಗೆ ನೂರು ಕಿಲೋ ಆಸುಪಾಸು ತೂಗಿದರೆ ಇದು 400–500 ಕಿಲೋ. ಜಾರಲು ಗಟ್ಟಿ, ಬಿದ್ದರೆ ನೋವು ಜಾಸ್ತಿ. ಆದರೆ ಬೇಗ ಕರಗುವುದಿಲ್ಲ, ಮೊದಲ ಪದರಕ್ಕೆ ಇದೇ ಲೇಸು. ಸೀಸನ್ನಿನ ಆರಂಭದಲ್ಲಿ ಕಂದು ಹುಲ್ಲಿನ ನಡುವೆ ಇಂಥ ಒಂದೇ ಬಿಳಿ ಪಟ್ಟಿ ಇರುತ್ತದೆ, ಬಂದ ಜನರೆಲ್ಲ ಅದರ ಮೇಲೆಯೇ. ಡಿಕ್ಕಿಗಳು ಹೆಚ್ಚು ಆಗುವ ಕಾಲ ಇದು. ಹೊಸಬರು ಆ ಎರಡು ಮೂರು ವಾರ ದೂರ ಇರುವುದೇ ಒಳ್ಳೆಯದು.

ಗಲ್ಫಿನಲ್ಲಿ ದುಡಿಯುವ ನಮ್ಮ ಕಡೆಯ ಎಷ್ಟೋ ಮಂದಿ 2005ರಲ್ಲಿ ತೆರೆದ ಸ್ಕೀ ದುಬೈ ನೋಡಿದ್ದಾರೆ. ಅಲ್ಲಿ ಲೆಕ್ಕ ಬೇರೆ. ಇಡೀ ಕಟ್ಟಡವೇ ಫ್ರಿಜ್, ಒಳಗಿನ ಚಳಿಗೆ ಪೂರ್ತಿ ವಿದ್ಯುತ್ತೇ ಗತಿ. ಇನ್ನು ಉತ್ತರಾಖಂಡದ ಔಲಿಗೆ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕಾಗಿ ಸ್ನೋ ಗನ್‌ಗಳು ಬಂದವು, ನೀರಿಗಾಗಿ ಕೆರೆಯೂ ಆಯಿತು. ಹಾಗಾದರೆ ಜನವರಿಯಲ್ಲಿ ಹುಲ್ಲು ಬೆಳ್ಳಗಾಗುವ ನಮ್ಮ ನೆರೆಯ ಊಟಿಯಲ್ಲಿ ಏಕಾಗದು ಎಂಬ ಪ್ರಶ್ನೆ ಬಂದೇ ಬರುತ್ತದೆ. ತಿಳಿ ಆಕಾಶದ ರಾತ್ರಿ ಹುಲ್ಲು ತನ್ನ ಶಾಖವನ್ನು ಮೇಲಕ್ಕೆ ಬಿಟ್ಟು ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಆದರೆ ಆಳೆತ್ತರದಲ್ಲಿ ಗಾಳಿ ಅದಕ್ಕಿಂತ ಎರಡು ಮೂರು ಡಿಗ್ರಿ ಬೆಚ್ಚಗಿರುತ್ತದೆ. ಹನಿ ಹಾರಬೇಕಾದದ್ದು ಆ ಗಾಳಿಯಲ್ಲಿ. ಹವೆ ತುಂಬ ಒಣಗಿ ವೆಟ್ ಬಲ್ಬ್ ಅಂಚಿಗೆ ಬಂತೆಂದೇ ಇಟ್ಟುಕೊಂಡರೂ, ಅಂಚಿನಲ್ಲಿ ಒಂದು ಫ್ಯಾನ್ ಗನ್ ಗಂಟೆಗೆ ಹತ್ತು ಘನ ಮೀಟರ್ ಹಿಮ ಕೊಟ್ಟರೆ ಒಂದು ಹೆಕ್ಟೇರಿಗೆ 300 ಗಂಟೆ. ಹತ್ತು ಗನ್ ಇಟ್ಟರೂ 30 ಗಂಟೆ. ಊಟಿಗೆ ಸಿಗುವುದು ಬೆಳಗಿನ ಜಾವದ ಮೂರು ನಾಲ್ಕು ಗಂಟೆ, ಅದೂ ಕೆಲವೇ ರಾತ್ರಿ. ಮಧ್ಯಾಹ್ನ 20 ಡಿಗ್ರಿ ಬಿಸಿಲಿಗೆ ಮಾಡಿದ್ದೆಲ್ಲ ನೀರಾಗಿ ಕೆಳಗಿನ ತೋಟಕ್ಕೆ ಹರಿಯುತ್ತದೆ.